ಹಳೆಯ ಅತ್ಯಾಚಾರ ಪ್ರಕರಣದಲ್ಲಿ ಶಿಕ್ಷೆ ಕಡಿಮೆಯಾದರೆ ಮೇಲ್ಮನವಿ ಯಾರು ಸಲ್ಲಿಸಬೇಕು?

ಪ್ರಶ್ನೆ (ಸಂತ್ರಸ್ತೆಯ ತಂಗಿ, ಯಾದಗಿರಿ ಜಿಲ್ಲೆ)
ನನ್ನ ಅಕ್ಕನ ಮೇಲೆ 2011ರಲ್ಲಿ ನಡೆದ ಅತ್ಯಾಚಾರದ ಬಗ್ಗೆ ನಾವು ದೂರು ಕೊಟ್ಟಿದ್ದು ಎಂಟು ವರ್ಷಗಳ ನಂತರ. ಕಳೆದ ತಿಂಗಳು ಸೆಷನ್ಸ್ ನ್ಯಾಯಾಲಯ ಅಪರಾಧ ಸಾಬೀತಾಗಿದೆ ಎಂದು ಹೇಳಿ ನಾಲ್ಕೇ ವರ್ಷ ಶಿಕ್ಷೆ ಕೊಟ್ಟಿತು. ‘ಘಟನೆ ಹಳೆಯದು, ಅಪರಾಧಿಗೆ ಸಂಸಾರವಿದೆ’ ಎಂಬ ಎರಡು ಸಾಲು ಬಿಟ್ಟರೆ ಅದಕ್ಕೆ ಬೇರೆ ಕಾರಣವೇ ತೀರ್ಪಿನಲ್ಲಿಲ್ಲ. ಪ್ರತಿ ವಾಯಿದೆಗೆ ಹೋಗಿಬಂದ ಬಸ್ ಟಿಕೆಟ್‌ಗಳನ್ನು ಅಕ್ಕ ಇಂದಿಗೂ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ನಾವೇ ಮೇಲ್ಮನವಿ ಸಲ್ಲಿಸಬಹುದೇ?

ಉತ್ತರ (ವಕೀಲರು, ಕಲಬುರಗಿ)
ತಂಗಿ, ಆರೋಪಿ ಬಿಡುಗಡೆಯಾದಾಗ, ಸಣ್ಣ ಅಪರಾಧಕ್ಕಷ್ಟೇ ಶಿಕ್ಷೆಯಾದಾಗ ಅಥವಾ ಪರಿಹಾರ ಸಾಲದಾದಾಗ ಸಂತ್ರಸ್ತೆ ಮೇಲ್ಮನವಿ ಸಲ್ಲಿಸಬಹುದು. ಶಿಕ್ಷೆ ಕಡಿಮೆಯಾಯಿತೆಂಬ ಕಾರಣಕ್ಕೆ ಆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ಆ ಅಧಿಕಾರವಿರುವುದು ಸರ್ಕಾರಕ್ಕೆ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 377, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 418ನೇ ಕಲಂ). ಸರ್ಕಾರಿ ಅಭಿಯೋಜಕರಿಗೆ ಕೂಡಲೇ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸರ್ಕಾರದ ಮೇಲ್ಮನವಿಗೆ ಅವಧಿ 60 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳು ಅದರಲ್ಲಿ ಸೇರುವುದಿಲ್ಲ.

ನಿಮಗೆ ಬಲ ಕೊಡುವುದು ಆ ಎರಡು ಸಾಲುಗಳೇ. ನಂತರ ಬಂದ ಹೆಚ್ಚಿನ ಶಿಕ್ಷೆಯನ್ನು ಹಿಂದಿನ ಕೃತ್ಯಕ್ಕೆ ವಿಧಿಸಬಾರದೆಂದು ಸಂವಿಧಾನದ 20ನೇ ವಿಧಿ ಹೇಳುವುದರಿಂದ ನಿಮ್ಮ ಪ್ರಕರಣಕ್ಕೆ ಅತ್ಯಾಚಾರದ ಶಿಕ್ಷೆ ಹೇಳುವ, ಭಾರತೀಯ ದಂಡ ಸಂಹಿತೆಯಲ್ಲಿ 2011ರಲ್ಲಿದ್ದ 376ನೇ ಕಲಮೇ ಅನ್ವಯಿಸುತ್ತದೆ. ಅದರಲ್ಲೂ ಕನಿಷ್ಠ ಶಿಕ್ಷೆ ಏಳು ವರ್ಷ. ಇಳಿಸಬೇಕಾದರೆ ಸಮರ್ಪಕವಾದ, ವಿಶೇಷವಾದ ಕಾರಣಗಳನ್ನು ತೀರ್ಪಿನಲ್ಲಿ ಬರೆಯಬೇಕಿತ್ತು (2013ರಲ್ಲಿ ಆ ವಿನಾಯಿತಿಯನ್ನೇ ತೆಗೆದುಹಾಕಿದರು). ಸಂಸಾರವಿರುವುದು ವಿಶೇಷ ಕಾರಣ ಹೇಗಾದೀತು? ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಅಪರಾಧಿಯ ಅನಕ್ಷರತೆ, ಕುಡಿತದ ಚಟ ಮುಂತಾದವನ್ನು ನೋಡಿ ಹೈಕೋರ್ಟ್ ಹತ್ತು ವರ್ಷವನ್ನು ನಾಲ್ಕಕ್ಕೆ ಇಳಿಸಿದ್ದಾಗ, 2000ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಹತ್ತು ವರ್ಷವನ್ನೇ ಮರುಸ್ಥಾಪಿಸಿತು.

ಉತ್ತರ (ನಿವೃತ್ತ ಅಭಿಯೋಜಕಿ, ಬೀದರ್)
ವಕೀಲರು ಹೇಳಿದ್ದು ಸರಿಯಾಗಿದೆ. ಆದರೆ ಸರ್ಕಾರದ ಮೇಲ್ಮನವಿಯಲ್ಲಿ ಅಪರಾಧಿ ತನ್ನ ಬಿಡುಗಡೆಗಾಗಿಯೂ ವಾದಿಸಬಹುದು ಎಂಬುದನ್ನು ಅಕ್ಕನವರಿಗೆ ಮೊದಲೇ ತಿಳಿಸಿರಿ. ಕೋರ್ಟಿನಲ್ಲಿ ಅವರಿಗೆ ಅದು ಹೊಸ ಮಾತಾಗಬಾರದು. ಸರ್ಕಾರ ಸುಮ್ಮನಿದ್ದರೆ ಹೈಕೋರ್ಟಿಗೆ ರಿವಿಷನ್ ಅರ್ಜಿಯ (ಕೆಳ ನ್ಯಾಯಾಲಯದ ತೀರ್ಪನ್ನು ಪರಿಶೀಲಿಸಿ ಎಂದು ಕೇಳುವ ಅರ್ಜಿ) ದಾರಿಯಿದೆ, ಅದಕ್ಕೆ 90 ದಿನ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ನಮಸ್ಕಾರ. ನಕಲಿಗೆ ಅರ್ಜಿ ಹಾಕಿದ ತಾರೀಖು, ನಕಲು ಸಿಕ್ಕ ತಾರೀಖು ಎರಡೂ ಅದರ ಕೊನೆಯ ಹಾಳೆಯಲ್ಲಿವೆ. ನಡುವೆ ಹನ್ನೊಂದು ದಿನ. ಬಿಡುಗಡೆಯ ಮಾತನ್ನು ಅಕ್ಕನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಮನವಿಗೆ ತಾನೇ ಸಹಿ ಮಾಡುತ್ತೇನೆ ಎಂದಳು. ಸೋಮವಾರ ಅಭಿಯೋಜಕರ ಕಚೇರಿಗೆ ಹೋಗುತ್ತೇವೆ.