ಆರನೇ ಕ್ಲಾಸಿನ ಪಟ್ಟಿ ಬಂತು: ದೋಸೆ ಹಿಟ್ಟು, ಮಸ್ಕಿ ಶಾಸನ, ಕಾಡಿನ ಕ್ಯಾಂಪು

ಎಲ್ಲರಿಗೂ ನಮಸ್ಕಾರ.

ಮೊನ್ನೆ ಬೆಂಗಳೂರಿನಿಂದ ಅಮೆರಿಕಕ್ಕೆ ಹೊಸದಾಗಿ ಬಂದವರೊಬ್ಬರು ನಮ್ಮ ಕನ್ನಡದವರ ಗುಂಪಿನಲ್ಲಿ ಕೇಳಿದ್ದರು. ಮಗಳು ಆರನೇ ಕ್ಲಾಸಿಗೆ ಸೇರಿದ್ದಾಳೆ. ಬ್ಯಾಕ್ ಟು ಸ್ಕೂಲ್ ನೈಟ್ ದಿನ (ಶಾಲೆ ಶುರುವಾದಾಗ ಅಪ್ಪ ಅಮ್ಮಂದಿರನ್ನು ಕರೆಯುವ ಸಂಜೆ) ಟೀಚರು ಎರಡು ಪುಟದ ಪಟ್ಟಿ ಕೊಟ್ಟರು. ಅದರ ತುಂಬಾ ಪ್ರಾಜೆಕ್ಟು, ಕ್ಯಾಂಪು, ಪೋಸ್ಟರು. ಪರೀಕ್ಷೆಯ ಟೈಮ್‌ಟೇಬಲ್ ಮಾತ್ರ ಎಲ್ಲೂ ಇಲ್ಲ. "ಹಾಗಾದರೆ ಇವರು ಓದಿಸುವುದು ಯಾವಾಗ?" ಅಂತ ಅವರ ಪ್ರಶ್ನೆ.

ಕೆಳಗೆ ಉತ್ತರಿಸಿದವರಲ್ಲಿ ಅರ್ಧ ಜನ "ಟೆನ್ಷನ್ ಬೇಡ, ಎಲ್ಲಾ ಸರಿಹೋಗುತ್ತೆ" ಅಂದರು. ಇನ್ನರ್ಧ ಜನ ಗಣಿತದ ಟ್ಯೂಷನ್ ಸೆಂಟರುಗಳ ಹೆಸರು ಕೊಟ್ಟರು. ಪಟ್ಟಿಯಲ್ಲಿ ಇರುವುದೇನು ಅಂತ ಯಾರೂ ಹೇಳಲಿಲ್ಲ. ನನ್ನ ಮಗ ಎರಡು ವರ್ಷದ ಹಿಂದೆ ಮಿಡ್ಲ್ ಸ್ಕೂಲ್ (ಆರರಿಂದ ಎಂಟನೇ ಕ್ಲಾಸು) ಮುಗಿಸಿದ. ಮಗಳು ಈ ವರ್ಷ ಆರನೇ ಕ್ಲಾಸು. ಅವಳ ಪಟ್ಟಿ ನಮ್ಮ ಫ್ರಿಜ್ ಮೇಲೆ ಅಂಟಿಕೊಂಡಿದೆ. ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ. ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಟೆಕ್ಸಾಸ್, ನ್ಯೂಜರ್ಸಿ ಕಡೆಯವರಿಗೆ ಕ್ರಮ ಬೇರೆ ಇರಬಹುದು.

ಮೊದಲು ನಮ್ಮ ಮನೆಯ ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ಮಗ ಆರನೆಯಲ್ಲಿದ್ದಾಗ ಜೀವಕೋಶದ ಮಾದರಿ ಮಾಡಬೇಕಿತ್ತು. ನಮ್ಮವರು ಇಂಜಿನಿಯರು, ಸುಮ್ನೆ ಇರುತ್ತಾರಾ? ಎರಡು ವಾರಾಂತ್ಯ ಕೂತು, ಸ್ನೇಹಿತನ ಮನೆಯ ತ್ರೀಡಿ ಪ್ರಿಂಟರಿನಲ್ಲಿ ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಅಚ್ಚು ಹಾಕಿಸಿ, ಬಣ್ಣ ಬಳಿದು, ಒಳಗೆ ಪುಟ್ಟ ದೀಪ ಕೂರಿಸಿ ಕಳಿಸಿದರು. ಕ್ಲಾಸಿನಲ್ಲಿ ಟೀಚರು "ಇದಕ್ಕೆ ಯಾಕೆ ದೀಪ ಹಾಕಿದೆ?" ಅಂತ ಕೇಳಿದ್ದಾರೆ. ಇವನು "ಅಪ್ಪನನ್ನು ಕೇಳಬೇಕು" ಅಂದನಂತೆ. ಮಾದರಿ ನೋಡಲು ಹೇಗಿದೆ ಅನ್ನುವುದಕ್ಕೆ ಇದ್ದ ಅಂಕ ಬಹಳ ಕಡಿಮೆ. ಯಾಕೆ ಹೀಗೆ ಮಾಡಿದೆ, ಮೊದಲ ಸಲ ಏನು ತಪ್ಪಾಯಿತು, ಆಮೇಲೆ ಏನು ಬದಲಾಯಿಸಿದೆ ಅನ್ನುವುದಕ್ಕೇ ಜಾಸ್ತಿ. ಪಕ್ಕದ ಹುಡುಗಿ ಜೆಲ್ಲಿಯೊಳಗೆ ದ್ರಾಕ್ಷಿ, ಒಣ ಹಣ್ಣು ಹಾಕಿ ತಂದು ಪೂರ್ತಿ ಅಂಕ ತೆಗೆದುಕೊಂಡಳು.

ಹಾಗಾಗಿ ಪಟ್ಟಿ ಬಂದ ತಕ್ಷಣ ನಾನೀಗ ಹುಡುಕುವುದು ರೂಬ್ರಿಕ್ ಅನ್ನುವ ಹಾಳೆಯನ್ನು. ಯಾವುದಕ್ಕೆ ಎಷ್ಟು ಅಂಕ ಅಂತ ಚೌಕ ಚೌಕವಾಗಿ ಅದರಲ್ಲಿ ಬರೆದಿರುತ್ತಾರೆ. ಟೀಚರು ಕೆಲಸ ಹಾಕುವ ಗೂಗಲ್ ಕ್ಲಾಸ್‌ರೂಮ್ ವೆಬ್‌ಸೈಟಿನಲ್ಲಿ ಪ್ರಾಜೆಕ್ಟಿನ ಜೊತೆಗೇ ಸಿಗುತ್ತದೆ. ಕೆಲಸಕ್ಕೆ ಕೈ ಹಾಕುವ ಮೊದಲು ಅದನ್ನು ಮಗುವಿನ ಜೊತೆ ಕೂತು ಓದಿ. ನಮ್ಮ ಕಾಲದ ಪ್ರಶ್ನೆಪತ್ರಿಕೆ ಈಗ ಅದೇ.

ಈಗ ಪಟ್ಟಿಗೆ ಬರುತ್ತೇನೆ. ಅಕ್ಟೋಬರಿನಲ್ಲಿ ವಿಜ್ಞಾನದ ಪ್ರಾಜೆಕ್ಟು. ಬಿಸಿ ಹೊರಗೆ ಹೋಗದ ಹಾಗೆ ತಡೆಯುವ, ಇಲ್ಲವೇ ಬೇಗ ಒಳಗೆ ಬರುವ ಹಾಗೆ ಮಾಡುವ ಒಂದು ಸಾಧನವನ್ನು ಮಕ್ಕಳೇ ಯೋಚಿಸಿ, ಕಟ್ಟಿ, ಅಳೆದು, ತಿದ್ದಬೇಕು. ಇದು ಟೀಚರು ತಾವೇ ಹುಟ್ಟಿಸಿದ್ದಲ್ಲ. ಕ್ಯಾಲಿಫೋರ್ನಿಯಾ 2013ರಲ್ಲಿ ಒಪ್ಪಿಕೊಂಡ ವಿಜ್ಞಾನದ ಕಲಿಕೆಯ ಗುರಿಗಳಲ್ಲೇ ಇದೆ. ಬಹಳಷ್ಟು ಮಕ್ಕಳು ಪಿಜ್ಜಾ ಡಬ್ಬಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಸೋಲಾರ್ ಒಲೆ ಮಾಡುತ್ತಾರೆ. ಮಗಳಿಗೆ ಅದು ಬೇಡವಾಗಿತ್ತು.

ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಹುದುಗುವುದೇ ಇಲ್ಲ. ಓವನ್ನಿನ ದೀಪ ಹಚ್ಚಿ ಒಳಗಿಡುತ್ತೇನೆ. ನೀವೂ ಹಾಗೇ ತಾನೆ? (ಒಳಗೆ ಹಿಟ್ಟಿದೆ ಅಂತ ಮರೆತು ಓವನ್ ಹಚ್ಚಿ ಪ್ಲಾಸ್ಟಿಕ್ ಡಬ್ಬಿ ಕರಗಿಸಿದವರು ಕೈ ಎತ್ತಿ. ನಾನು ಎರಡು ಸಲ.) "ದೀಪ ಇಲ್ಲದೆ ಹಿಟ್ಟು ಬೆಚ್ಚಗಿಡುವ ಡಬ್ಬಿ ಮಾಡಲಾ?" ಅಂದಳು ಮಗಳು. ತುಮಕೂರಿನಲ್ಲಿರುವ ನನ್ನ ಅಮ್ಮನಿಗೆ ವಿಡಿಯೋ ಕಾಲ್ ಹೋಯಿತು. ಅಮ್ಮನ ಉತ್ತರ ಒಂದೇ ಸಾಲು: ಪಾತ್ರೆಗೆ ಕಂಬಳಿ ಸುತ್ತು.

ಊರಿನಿಂದ ತಂದ ಹಳೇ ಕುರಿ ಕಂಬಳಿ ಒಂದಿತ್ತು. ತುಂಡು ಮಾಡಿದೆವು. ನಾಲ್ಕು ಸ್ಟೀಲ್ ಲೋಟ, ನಾಲ್ಕಕ್ಕೂ 60 ಡಿಗ್ರಿಯ ನೀರು, ಮೇಲೊಂದು ಮುಚ್ಚಳ. ಒಂದು ಬರಿ ಲೋಟ, ಒಂದಕ್ಕೆ ಅಲ್ಯೂಮಿನಿಯಂ ಹಾಳೆ, ಒಂದಕ್ಕೆ ನ್ಯೂಸ್ ಪೇಪರ್, ಒಂದಕ್ಕೆ ಕಂಬಳಿ. 20 ನಿಮಿಷ ಬಿಟ್ಟು ನೋಡಿದರೆ ಬರಿ ಲೋಟದ್ದು 49ಕ್ಕೆ ಇಳಿದಿತ್ತು. ಹಾಳೆ 51, ಪೇಪರ್ 53, ಕಂಬಳಿ 54. ಮಗಳ ಮುಖ ಸಪ್ಪಗಾಯಿತು. ಪೇಪರಿಗೂ ಕಂಬಳಿಗೂ ಒಂದೇ ಡಿಗ್ರಿ ವ್ಯತ್ಯಾಸವಾ? ಅಮ್ಮ ಅಂತೂ ಒಪ್ಪಲೇ ಇಲ್ಲ, ನಿಮ್ಮ ಥರ್ಮಾಮೀಟರ್ ಸರಿ ಇಲ್ಲ ಅಂದರು.

ಆದರೆ ಆ ಒಂದು ಡಿಗ್ರಿಯಿಂದಲೇ ಅವಳ ತಲೆ ಓಡಿತು. ಬಿಸಿ ಹಿಡಿಯುವುದು ಉಣ್ಣೆಯಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಪೇಪರನ್ನು ಪದರ ಪದರವಾಗಿ ಸುತ್ತಿದರೆ ಅಲ್ಲೂ ಗಾಳಿ ಇರುತ್ತದೆ. ಇನ್ನೊಂದು ವಿಷಯ ನನಗೇ ಆವತ್ತು ಹೊಳೆದಿದ್ದು. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಇದ್ದ ಬಿಸಿಯನ್ನು ಉಳಿಸುತ್ತದೆ ಅಷ್ಟೇ. ತಣ್ಣೀರು ಹಾಕಿ ರುಬ್ಬಿದ ಹಿಟ್ಟಿಗೆ ಎಷ್ಟು ಕಂಬಳಿ ಸುತ್ತಿದರೂ ಅದು ತಣ್ಣಗೇ ಇರುತ್ತದೆ. ಇಷ್ಟು ವರ್ಷ ನಾನು ಮಾಡುತ್ತಿದ್ದ ತಪ್ಪು ಅದೇ. ಹಿಟ್ಟು 30 ಡಿಗ್ರಿ ಹತ್ತಿರ ಇದ್ದರೆ ಚೆನ್ನಾಗಿ ಉಬ್ಬುತ್ತದೆ. ಹಾಗಾಗಿ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ಆಮೇಲೆ ಸುತ್ತಬೇಕು. ಮಗಳು ಇದನ್ನೆಲ್ಲ ತನ್ನ ನೋಟ್‌ಬುಕ್ಕಿನಲ್ಲಿ "ಮೊದಲ ಸೋಲು" ಅಂತ ತಲೆಬರಹ ಹಾಕಿ ಬರೆದುಕೊಂಡಿದ್ದಾಳೆ.

ಜನವರಿ, ಫೆಬ್ರವರಿಯಲ್ಲಿ ಬರುವುದು ಪ್ರಾಚೀನ ಭಾರತ. ಇಲ್ಲಿ ಆರನೇ ಕ್ಲಾಸಿನ ಇತಿಹಾಸ ಅಂದರೆ ಮೆಸೊಪೊಟೇಮಿಯಾ, ಈಜಿಪ್ಟ್, ಗ್ರೀಸ್, ಭಾರತ, ಚೀನಾ, ರೋಮ್. ಏಳನೆಯಲ್ಲಿ ಮಧ್ಯಯುಗ, ಎಂಟನೆಯಲ್ಲಿ ಅಮೆರಿಕದ ಇತಿಹಾಸ. ಭಾರತದ ಪಾಠದಲ್ಲಿ ಏನಿರಬೇಕು ಅಂತ ಈ ರಾಜ್ಯದಲ್ಲಿ 2005ರಲ್ಲೂ 2016ರಲ್ಲೂ ದೊಡ್ಡ ಜಗಳವೇ ನಡೆದಿದೆ. ಆ ಜಗಳವನ್ನು ಇಲ್ಲಿ ಮತ್ತೆ ಎಬ್ಬಿಸುವುದಿಲ್ಲ. ಮನೆಯಲ್ಲಿ ಆಗಿದ್ದಷ್ಟೇ ಹೇಳುತ್ತೇನೆ. ಮಗನ ಕ್ಲಾಸಿನಲ್ಲಿ ಜಾತಿಯನ್ನು ಪಿರಮಿಡ್ ಥರ ಬರೆದು ತೋರಿಸಿದರು. ಊಟದ ಹೊತ್ತಿಗೆ ಒಬ್ಬ ಹುಡುಗ "ನೀನು ಯಾವ ಸಾಲು?" ಅಂತ ಕೇಳಿದ. ಇವನಿಗೆ ಗೊತ್ತೇ ಇಲ್ಲ. ಸಂಜೆ ಬಂದು ನನ್ನನ್ನು ಕೇಳಿದ. ನಾನು ಮಾತು ಮರೆಸಿದೆ. ತಪ್ಪು ಮಾಡಿದೆ.

ಜಾತಿ ಪಾಠದಲ್ಲಿ ಇರಲೇಬಾರದು ಅನ್ನುವವರ ಜೊತೆ ನಾನಿಲ್ಲ. ಇದ್ದದ್ದು ಇದೆ, ಈಗಲೂ ಇದೆ. ಆದರೆ ಮಗು ಅದನ್ನು ಮೊದಲ ಸಲ ಕೇಳುವುದು ಸಹಪಾಠಿಯ ಬಾಯಿಂದ ಆಗಬಾರದು ಅಲ್ವಾ? ಮಗಳಿಗೆ ಈ ಸಲ ಮೊದಲೇ ಹೇಳಿದ್ದೇವೆ. ಜಾತಿ ಏನು, ಅದರಿಂದ ಯಾರಿಗೆ ಏನಾಯಿತು, 12ನೇ ಶತಮಾನದ ಕಲ್ಯಾಣದಲ್ಲೇ ಆ ಸಾಲುಗಳನ್ನು ಒಪ್ಪದ ವಚನಕಾರರು ಇದ್ದರು, ಎಲ್ಲವನ್ನೂ. ಅವಳು ಕೇಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ನಮ್ಮ ಹತ್ತಿರ ಇರಲಿಲ್ಲ. ಇರಲಿ.

ಈ ಪಾಠದ ಪ್ರಾಜೆಕ್ಟಿಗೆ ಮಕ್ಕಳು ಒಂದು ವಸ್ತು ಆರಿಸಿ, ಅದು ಸಿಕ್ಕಿದ್ದು ಎಲ್ಲಿ, ಅದರಿಂದ ನಮಗೆ ತಿಳಿಯುವುದೇನು ಅಂತ ಹೇಳಬೇಕು. ಎಲ್ಲರೂ ಹರಪ್ಪದ ಮುದ್ರೆಗೇ ಕೈ ಹಾಕುತ್ತಾರೆ. ಕನ್ನಡದ ಮಕ್ಕಳಿಗೆ ನಾನು ಹೇಳುವುದು, ಮಸ್ಕಿ ಶಾಸನ ತೆಗೆದುಕೊಳ್ಳಿ.

ಯಾಕೆ ಅಂದರೆ ಅದೊಂದು ಪತ್ತೇದಾರಿ ಕಥೆ. ನಮ್ಮ ಕನ್ನಡ ಅಕ್ಷರಗಳ ಮೂಲವಾದ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಅನ್ನುವ ಇಂಗ್ಲಿಷ್ ವಿದ್ವಾಂಸ 1837ರಲ್ಲಿ ಓದಿದ. ದೇಶದ ತುಂಬಾ ಬಂಡೆಗಳ ಮೇಲೆ ಒಬ್ಬ ರಾಜನ ಮಾತುಗಳಿವೆ. ಆದರೆ ಅವನು ತನ್ನನ್ನು ಕರೆದುಕೊಳ್ಳುವುದು ದೇವಾನಂಪಿಯ, ಪಿಯದಸಿ ಅಂತ. ಅಂದರೆ ದೇವರಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು. ಈತನೇ ಅಶೋಕ ಅಂತ ಸಿಂಹಳದ ಹಳೇ ಗ್ರಂಥಗಳ ಸಹಾಯದಿಂದ ಊಹಿಸಿದ್ದರು. ಬಂಡೆಯ ಮೇಲೆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನುವ ಇಂಜಿನಿಯರನ ಕಣ್ಣಿಗೆ ಒಂದು ಶಾಸನ ಬಿತ್ತು. ಅದು ಶುರುವಾಗುವುದೇ "ದೇವಾನಂಪಿಯಸ ಅಸೋಕಸ" ಅಂತ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳದಲ್ಲೂ ಆ ಹೆಸರು ಸಿಕ್ಕಿತು. ಕಲಬುರಗಿಯ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ "ರಾಯೋ ಅಸೋಕೋ" (ರಾಜ ಅಶೋಕ) ಅಂತ ಬರಹ ಇರುವ ಅವನ ಶಿಲ್ಪವೇ ಇದೆ. ಚಿತ್ರದುರ್ಗದ ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಬರೆದವನ ಸಹಿಯೂ ಉಂಟು, ಚಪಡ ಅಂತ. "ಲಿಪಿಕಾರ" ಅನ್ನುವ ಪದವನ್ನು ಮಾತ್ರ ಆತ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಗಾಂಧಾರದ ಕಡೆಯ ಲಿಪಿ ಅದು. ಅಷ್ಟು ದೂರದ ಅಕ್ಷರ ಬಲ್ಲವನು ಚಿತ್ರದುರ್ಗದ ಕಲ್ಲಿನ ಮೇಲೆ ಹೆಸರು ಬಿಟ್ಟು ಹೋಗಿದ್ದಾನೆ. ಕೆಲಸಕ್ಕೆ ದೂರ ಹೋದವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಗಳಿಗೆ ಇಷ್ಟವಾಗಿದ್ದು ಮಾತ್ರ ಅಕ್ಷರ. ಬ್ರಾಹ್ಮಿಯ "ಕ" ಅಂದರೆ ಕೂಡಿಸುವ ಚಿಹ್ನೆ. "ಗ" ಅಂದರೆ ಗುಡಿಸಲಿನ ಮಾಡು. ನಮ್ಮ ಈಗಿನ "ಗ" ನೋಡಿ, ಆ ಮಾಡು ಇನ್ನೂ ಕಾಣುತ್ತದೆ. ಶನಿವಾರದ ಕನ್ನಡ ಕ್ಲಾಸಿಗೆ ಬರಲು ರಗಳೆ ಮಾಡುವ ಹುಡುಗಿ ಈಗ ತನ್ನ ಪೆನ್ಸಿಲ್ ಡಬ್ಬಿಯ ಮೇಲೆ ಬ್ರಾಹ್ಮಿಯಲ್ಲಿ ಹೆಸರು ಬರೆದುಕೊಂಡಿದ್ದಾಳೆ.

ಮಾರ್ಚಿನಲ್ಲಿ ಔಟ್‌ಡೋರ್ ಸೈನ್ಸ್ ಕ್ಯಾಂಪು. ನಾಲ್ಕು ರಾತ್ರಿ ರೆಡ್‌ವುಡ್ ಅನ್ನುವ ಎತ್ತರದ ಮರಗಳ ಕಾಡಿನಲ್ಲಿ. ನಮ್ಮ ಜನ ಕೇಳುವುದು ಮೂರೇ ಪ್ರಶ್ನೆ: ಊಟ ಏನು, ಫೋನ್ ಇದೆಯಾ, ಚಳಿ ಎಷ್ಟು. ಸಸ್ಯಾಹಾರ ಸಿಗುತ್ತದೆ, ಫಾರಂನಲ್ಲಿ ಮೊದಲೇ ಬರೆಯಬೇಕು. ಮೊಟ್ಟೆ ತಿನ್ನುವುದಿಲ್ಲ ಅಂದರೆ ಅದನ್ನೂ ಬೇರೆಯಾಗಿ ಬರೆಯಿರಿ. ಫೋನ್ ಇಲ್ಲ. ಚಳಿ ಇದೆ, ಮಳೆ ಅದಕ್ಕಿಂತ ಜಾಸ್ತಿ, ಎರಡು ಜೊತೆ ಶೂ ಕಳಿಸಿ. ದುಡ್ಡಿನ ವಿಷಯ ಕೇಳಲು ಸಂಕೋಚಪಡಬೇಡಿ. ಇಲ್ಲಿನ ಕಾನೂನಿನ ಪ್ರಕಾರ ಹಣ ಕೊಡಲಾಗಲಿಲ್ಲ ಅಂತ ಯಾವ ಮಗುವನ್ನೂ ಬಿಟ್ಟು ಹೋಗುವ ಹಾಗಿಲ್ಲ. ಒಬ್ಬರ ಸಂಬಳದಲ್ಲಿ, ವೀಸಾದ ಅನಿಶ್ಚಿತತೆಯಲ್ಲಿ ಇರುವ ಮನೆಗಳಿಗೆ ಇದು ಗೊತ್ತಿರಬೇಕು.

ಮಗ ಹೋದಾಗ ಕ್ಯಾಂಪಿನಲ್ಲಿ ಪ್ರತಿ ಊಟ ಆದ ಮೇಲೆ ಎಲ್ಲರ ತಟ್ಟೆಯಲ್ಲಿ ಬಿಟ್ಟಿದ್ದನ್ನು ಒಂದು ಬಕೆಟ್ಟಿಗೆ ಸುರಿದು ತೂಕ ಮಾಡುತ್ತಿದ್ದರಂತೆ. ಕೊನೆಯ ದಿನಕ್ಕೆ ಸೊನ್ನೆಗೆ ಇಳಿಸುವುದು ಆಟ. "ಎಲೆಯಲ್ಲಿ ಏನೂ ಬಿಡಬಾರದು" ಅಂತ ನಾವು ಹತ್ತು ವರ್ಷ ಹೇಳಿದ್ದು ಅವನ ತಲೆಗೆ ಹತ್ತಿರಲಿಲ್ಲ. ತಕ್ಕಡಿ ನಾಲ್ಕು ದಿನದಲ್ಲಿ ಹತ್ತಿಸಿತು.

ಆರನೇ ಕ್ಲಾಸಿನಿಂದಲೇ ಮಕ್ಕಳು ಸೇರಬಹುದಾದದ್ದು ನ್ಯಾಷನಲ್ ಹಿಸ್ಟರಿ ಡೇ, ಇತಿಹಾಸದ ಒಂದು ವಿಷಯ ಆರಿಸಿ, ಹುಡುಕಿ ಓದಿ, ತೀರ್ಪುಗಾರರ ಮುಂದೆ ಇಡುವುದು. 1974ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾದ ಸ್ಪರ್ಧೆ. ನಮ್ಮ ಸಮುದಾಯದಲ್ಲಿ ಸ್ಪೆಲ್ಲಿಂಗ್ ಬೀ, ಗಣಿತದ ಮ್ಯಾಥ್‌ಕೌಂಟ್ಸ್ ಸ್ಪರ್ಧೆಗಳು ಗೊತ್ತಿರುವಷ್ಟು ಇದು ಗೊತ್ತಿಲ್ಲ. ಮಗ ಏಳನೆಯಲ್ಲಿ ಶಿವನಸಮುದ್ರದ ವಿದ್ಯುತ್ ಯೋಜನೆ ತೆಗೆದುಕೊಂಡ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕೊಟ್ಟರು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ನಮ್ಮ ಊರಿಗೂ ಈ ದೇಶಕ್ಕೂ ನಂಟು ನಮ್ಮಿಂದ ಶುರುವಾಗಿದ್ದಲ್ಲ ಅಂತ ಅವನಿಗೆ ಖುಷಿ. ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮಟ್ಟದಲ್ಲಿ ಒಬ್ಬ ತೀರ್ಪುಗಾರ್ತಿ ಕೇಳಿದರು: ಕರೆಂಟು ಮೊದಲು ಗಣಿಗೆ ಹೋಗಿದ್ದೇಕೆ, ಊರಿಗೆ ಯಾಕಲ್ಲ? ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಇವನು "ದುಡ್ಡು ಕೊಡುತ್ತಿದ್ದುದು ಗಣಿಯವರು" ಅಂದ. ಅಲ್ಲೇ ಸೋತ, ಮುಂದಿನ ಸುತ್ತಿಗೆ ಹೋಗಲಿಲ್ಲ. ಆದರೆ ಈ ಸಲ ಅಪ್ಪನನ್ನು ಕೇಳಬೇಕು ಅನ್ನಲಿಲ್ಲ, ನೋಡಿ.

ಉಳಿದದ್ದು ಬೇಗ ಹೇಳುತ್ತೇನೆ. ಪರೀಕ್ಷೆ ಇಲ್ಲ ಅಂದವರಿಗೆ, ವಸಂತದಲ್ಲಿ ರಾಜ್ಯದ ಪರೀಕ್ಷೆ ಇದೆ, ಅದಕ್ಕೆ ಬೇರೆ ತಯಾರಿ ಬೇಡ. ಏಳನೇ ಕ್ಲಾಸಿಗೆ ಹೋಗುವ ಮೊದಲು ಟಿಡ್ಯಾಪ್ ಲಸಿಕೆ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ತಡೆಯುವುದು) ಬೇಕು, ಬೇಸಿಗೆಯಲ್ಲಿ ಊರಿಗೆ ಹೋಗುವ ಮುಂಚೆಯೇ ಹಾಕಿಸಿ. ಮಿಡ್ಲ್ ಸ್ಕೂಲಿನಲ್ಲಿ ಒಮ್ಮೆ ಲೈಂಗಿಕ ಶಿಕ್ಷಣದ ಪಾಠ ಬರುತ್ತದೆ, ಮೊದಲೇ ಪತ್ರ ಕಳಿಸುತ್ತಾರೆ, ಬೇಡ ಅಂತ ಬರೆದುಕೊಡಬಹುದು. ಬರೆದುಕೊಡಬೇಡಿ ಅಂತ ನನ್ನ ಅಭಿಪ್ರಾಯ. ಕ್ಲಾಸಿನಿಂದ ಹೊರಗೆ ಕೂತ ಮಗುವಿಗೆ ಅದೇ ಪಾಠ ಬಸ್ಸಿನಲ್ಲಿ ತಪ್ಪು ತಪ್ಪಾಗಿ ಸಿಗುತ್ತದೆ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು. ನಿಮ್ಮ ಮಗಳಿಗೂ ಅಕ್ಟೋಬರಿನಲ್ಲಿ ಇದೇ ಶಾಖದ ಪ್ರಾಜೆಕ್ಟು ಇರಬೇಕು. ಇದೇ ಭಾನುವಾರ ನಮ್ಮ ಮನೆಯಲ್ಲಿ ಎರಡನೇ ಪ್ರಯೋಗ. ಈ ಸಲ ಲೋಟವಲ್ಲ, ನಿಜವಾದ ಹಿಟ್ಟು. ಕಂಬಳಿಯ ತುಂಡು ಇನ್ನೂ ಮೂರು ಉಳಿದಿವೆ. ಬೇಕಾದರೆ ಮಗಳನ್ನೂ ಕರೆದುಕೊಂಡು ಬನ್ನಿ, ಉಬ್ಬಿದರೆ ದೋಸೆ, ಇಲ್ಲದಿದ್ದರೆ ಉಪ್ಪಿಟ್ಟು.