ತುಂಬಿದ ಟ್ರಾಲಿ ನಿಲ್ಲಲು ಎಷ್ಟು ದೂರ ಬೇಕು?

ಪ್ರಶ್ನೆ (ಸೇಡಂ ತಾಲ್ಲೂಕಿನ ರೈತ): ನಮಸ್ಕಾರ ಸರ್. ನಮ್ಮ ನಾಲ್ಕು ಗಾಲಿಯ ಟ್ರಾಲಿಯಲ್ಲಿ 50 ಕ್ವಿಂಟಲ್ ತೊಗರಿ ಹೇರಿಕೊಂಡು ಕಲಬುರಗಿ ಮಾರುಕಟ್ಟೆಗೆ ಹೊರಟಿದ್ದಾಗ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಪೂರ್ತಿ ಒತ್ತಿದರೂ ಟ್ರ್ಯಾಕ್ಟರ್ ಬಹಳ ದೂರ ಸಾಗಿ, ಎಮ್ಮೆಯಿಂದ ಒಂದು ಮಾರು ಈಚೆಗೆ ನಿಂತಿತು. ಟ್ರಾಲಿಗೆ ಬ್ರೇಕ್ ಇಲ್ಲ. ಭಾರ ಹೆಚ್ಚಿದ್ದರೆ ಗಾಲಿಗಳು ನೆಲವನ್ನು ಬಿಗಿಯಾಗಿ ಹಿಡಿಯುವುದರಿಂದ ಗಾಡಿ ಬೇಗ ನಿಲ್ಲುತ್ತದೆ ಎಂದು ಊರಿನಲ್ಲಿ ಹೇಳುತ್ತಾರೆ. ಇದು ನಿಜವೇ?

ಉತ್ತರ (ಮೆಕ್ಯಾನಿಕಲ್ ಎಂಜಿನಿಯರ್): ನಮಸ್ಕಾರ. ಅಪಾಯವಾಗದೆ ಪಾರಾದಿರಿ ಎಂಬುದೇ ಸಮಾಧಾನ. ಊರಿನವರ ಮಾತು ಅರ್ಧ ನಿಜ. ಭಾರ ಬಿದ್ದಷ್ಟೂ ಗಾಲಿಯ ಹಿಡಿತ ಹೆಚ್ಚುತ್ತದೆ, ಆದರೆ ಗಾಡಿಯನ್ನು ನಿಲ್ಲಿಸಲು ಆ ಹಿಡಿತ ಉಪಯೋಗಕ್ಕೆ ಬರುವುದು ಅದೇ ಗಾಲಿಗೆ ಬ್ರೇಕ್ ಇದ್ದಾಗ ಮಾತ್ರ. ತಮ್ಮ ಚೀಲಗಳ ಭಾರವೆಲ್ಲ ಸುಮ್ಮನೆ ಉರುಳುವ ಗಾಲಿಗಳ ಮೇಲಿತ್ತು. ಅಷ್ಟನ್ನೂ ತಡೆದು ನಿಲ್ಲಿಸುವ ಹೊಣೆ ಟ್ರ್ಯಾಕ್ಟರಿನ ಎರಡು ಹಿಂದಿನ ಗಾಲಿಗಳ ಮೇಲೆಯೇ ಬಿತ್ತು.

ನಿಲ್ಲುವ ದೂರವು ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ, ತಡೆಯುವ ಬಲದ ಎರಡರಷ್ಟರಿಂದ ಭಾಗಿಸಿದಷ್ಟು ಇರುತ್ತದೆ. ಟ್ರ್ಯಾಕ್ಟರ್ 2 ಟನ್, ಖಾಲಿ ಟ್ರಾಲಿ ಒಂದೂವರೆ ಟನ್, ತೊಗರಿ 5 ಟನ್, ಬ್ರೇಕಿನ ಬಲ 7,500 ನ್ಯೂಟನ್ ಎಂದು ಇಟ್ಟುಕೊಳ್ಳೋಣ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಖಾಲಿ ಟ್ರಾಲಿಯೊಂದಿಗೆ ಸುಮಾರು 16 ಮೀಟರಿನಲ್ಲಿ ನಿಲ್ಲುವ ಗಾಡಿ, ತುಂಬಿದಾಗ 39 ಮೀಟರ್ ಸಾಗುತ್ತದೆ. ಎಮ್ಮೆಯನ್ನು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಸಾಗುವ 8 ಮೀಟರ್ ಇದರಲ್ಲಿ ಸೇರಿಲ್ಲ. ಅದೇ ತುಂಬಿದ ಗಾಡಿ 20 ಕಿ.ಮೀ. ವೇಗದಲ್ಲಿದ್ದರೆ ಹದಿನೇಳೂವರೆ ಮೀಟರಿನಲ್ಲಿ ನಿಲ್ಲುತ್ತದೆ. ಭಾರವನ್ನು ತಾವು ದಾರಿಯಲ್ಲಿ ಇಳಿಸಲಾರಿರಿ, ವೇಗವನ್ನು ಇಳಿಸಬಲ್ಲಿರಿ.

ಹೊಲದಲ್ಲಿ ತಿರುಗಿಸಲೆಂದು ಬೇರ್ಪಡಿಸಿದ ಎಡ ಮತ್ತು ಬಲ ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮೊದಲು ಕೊಂಡಿ ಹಾಕಿ ಜೋಡಿಸಿದ್ದೀರಾ ಎಂಬುದನ್ನೂ ದಯವಿಟ್ಟು ನೋಡಿಕೊಳ್ಳಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆಯುತ್ತದೆ, ಹಿಂದಿನಿಂದ ಟ್ರಾಲಿ ಅದನ್ನು ಅಡ್ಡಕ್ಕೆ ನೂಕುತ್ತದೆ.

ಮರುಪ್ರಶ್ನೆ: ಪೆಡಲುಗಳು ಜೋಡಿಸಿಯೇ ಇದ್ದವು ಸರ್. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಕೆಲವರು ನ್ಯೂಟ್ರಲ್ ಮಾಡುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ದಯಮಾಡಿ ಬೇಡ. 20 ಮೀಟರಿಗೆ 1 ಮೀಟರ್ ಇಳಿಯುವ ರಸ್ತೆಯಲ್ಲಿ ಎಂಟೂವರೆ ಟನ್ನಿನ ಗಾಡಿಯನ್ನು ಗುರುತ್ವವು ಸುಮಾರು 4,200 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಅಂದರೆ ಬ್ರೇಕಿನ ಅರ್ಧಕ್ಕಿಂತ ಹೆಚ್ಚು ಬಲ ಅಲ್ಲಿಯೇ ಕಳೆದುಹೋಗಿ, 30 ಕಿ.ಮೀ. ವೇಗದಿಂದ ನಿಲ್ಲಲು 39ರ ಬದಲು ಸುಮಾರು 90 ಮೀಟರ್ ಬೇಕಾಗುತ್ತದೆ. ಗೇರಿನಲ್ಲಿದ್ದರೆ ಎಂಜಿನ್ ಸಹ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ ಮಾಡಿದ ಕೂಡಲೇ ಆ ಆಸರೆ ತಪ್ಪುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರ್ ಹಾಕಿಕೊಳ್ಳಿ, ಏಕೆಂದರೆ ಭಾರದ ನೂಕಿಗೆ ಗಾಡಿ ಓಡತೊಡಗಿದ ಮೇಲೆ ಗೇರ್ ಕೂರುವುದು ಕಷ್ಟ.