ಸಹಾಯ ಬೇಕು: ತಂದೆಯವರ ಫೋನಿನಲ್ಲಿ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸುವ ಬಗ್ಗೆ

ಬಲ್ಲವರಲ್ಲಿ ಒಂದು ವಿನಂತಿ. ನಾಲ್ಕು ವರ್ಷಗಳ ಹಿಂದೆ ನಮ್ಮ ತಂದೆಯವರು ಆಂಡ್ರಾಯ್ಡ್ ಫೋನ್ ಕೊಂಡಾಗ ಅಂಗಡಿಯ ಹುಡುಗನೇ ಗೂಗಲ್ ಖಾತೆ ತೆರೆದು, ತನಗೆ ತೋಚಿದ ಪಾಸ್‌ವರ್ಡ್ ಹಾಕಿ, ಅದನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟಿದ್ದ. ಆ ಬಿಲ್ಲಿನ ಮೇಲೆ ನೀರು ಬಿದ್ದು, ಕೊನೆಯ ಮೂರು ಅಂಕಿಗಳು ಭೂತಗನ್ನಡಿ ಹಿಡಿದರೂ ಕಾಣುತ್ತಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಒತ್ತಿ, ಖಾತೆ ನಿರ್ವಹಣೆಯ ಭದ್ರತಾ ವಿಭಾಗದಲ್ಲಿ ಪಾಸ್‌ವರ್ಡ್ ತೆರೆದರೆ ಮೊದಲು ಹಳೆಯದನ್ನೇ ಕೇಳುತ್ತದೆ. ಮರೆತಿದೆ ಎಂದರೆ ಒಟಿಪಿ ಹೋಗುವುದು ನಾವು ಬಿಟ್ಟು ವರ್ಷವಾದ ಸಿಮ್‌ಗೆ. ಆ ಸಂಖ್ಯೆ ಈಗ ಯಾರ ಕೈಯಲ್ಲಿದೆಯೋ ಎಂಬುದೇ ನನ್ನ ದೊಡ್ಡ ಆತಂಕ.

ಫೋನ್ ಇನ್ನೂ ಲಾಗಿನ್ ಆಗಿಯೇ ಇದೆ, ಪರದೆಯ ಪಿನ್ ಕೂಡ ನಮಗೆ ಗೊತ್ತು. ಇಷ್ಟರ ಆಧಾರದ ಮೇಲೆ ಹೊಸ ಪಾಸ್‌ವರ್ಡ್ ಇಟ್ಟವರು ಇದ್ದರೆ, ಯಾವ ಆಯ್ಕೆಯನ್ನು ಒತ್ತಿದಿರಿ ಎಂದು ತಿಳಿಸುವಿರಾ? ಬದಲಾದ ಮೇಲೆ ಇದೇ ಖಾತೆ ಇರುವ ಟ್ಯಾಬ್ಲೆಟ್‌ನಲ್ಲಿ ಪುನಃ ಲಾಗಿನ್ ಆಗಬೇಕಾಗುತ್ತದೆಯೇ? ಉಚಿತವಾಗಿ ಸಿಗುವ 15 ಜಿಬಿ ಜಾಗದಲ್ಲಿ ಬಹುಪಾಲು ತೀರಿಕೊಂಡ ಅಮ್ಮನ ಫೋಟೋಗಳೇ ಇರುವುದರಿಂದ ಪ್ರಯೋಗ ಮಾಡಲು ಧೈರ್ಯವಿಲ್ಲ. ಫೋನನ್ನೇ ಪೂರ್ತಿ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಿ ಎಂಬ ಸಲಹೆ ಮಾತ್ರ ದಯವಿಟ್ಟು ಬೇಡ. ರಿಕವರಿ ಮೆನುವಿನಿಂದ (ಫೋನ್ ಆನ್ ಆಗುವಾಗ ಗುಂಡಿಗಳನ್ನು ಒತ್ತಿ ಹಿಡಿದು ತೆರೆಯುವ ಮೆನು) ಎಲ್ಲವನ್ನೂ ಅಳಿಸಿದರೆ ಫೋನ್ ಮತ್ತೆ ಅದೇ ಖಾತೆಯ ದೃಢೀಕರಣ ಕೇಳುತ್ತದೆ.